ರಾತ್ರೋರಾತ್ರಿ ನಾಯಿಯನ್ನು ಆಸ್ಪತ್ರೆಗೆ ಒಯ್ಯುವುದಾದರೆ



2023ರ ಗಣೇಶನ ಹಬ್ಬದ ರಾತ್ರಿ, ಪಾಯಸಕ್ಕೆಂದು ತಂದಿದ್ದ ಒಣದ್ರಾಕ್ಷಿಯ ಪ್ಯಾಕೆಟ್ಟನ್ನು ನಮ್ಮ ಲ್ಯಾಬ್ರಡಾರ್ ಹರಿದು ತಿಂದುಬಿಟ್ಟಿತು. ದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡಗಳೇ ಕೆಡಬಹುದು. ಎಷ್ಟು ತಿಂದರೆ ಅಪಾಯ ಎಂಬುದು ಒಂದೊಂದು ನಾಯಿಗೆ ಒಂದೊಂದು ರೀತಿ. ದಿನವಿಡೀ ಬ್ಯಾಕಪ್ ಬಗ್ಗೆ ಮಾತಾಡುವ ಸಾಫ್ಟ್‌ವೇರ್ ಮಂದಿ ನಾವು. ಆ ಹೊತ್ತಿನಲ್ಲಿ ಎಲ್ಲಿಗೆ ಓಡಬೇಕೆಂದೇ ತಿಳಿಯಲಿಲ್ಲ.

ಇಲ್ಲಿ ಅಮೆರಿಕದಲ್ಲಿ ಮಾಮೂಲಿ ಕ್ಲಿನಿಕ್‌ಗಳು ಹೆಚ್ಚಾಗಿ ಸಂಜೆಗೇ ಮುಚ್ಚುತ್ತವೆ. ರಾತ್ರಿ ತೆರೆದಿರುವ ತುರ್ತು ಪಶು ಆಸ್ಪತ್ರೆಗಳೇ ಬೇರೆ. ನಿಮಗೆ ಹತ್ತಿರದ್ದು ಯಾವುದೆಂದು ಇಂದೇ ನೋಡಿ, ಫೋನ್ ನಂಬರನ್ನು ಫ್ರಿಜ್ ಮೇಲೆ ಅಂಟಿಸಿ. ಪಕ್ಕದಲ್ಲೇ ಎಎಸ್‌ಪಿಸಿಎ ಸಂಸ್ಥೆಯ ಪ್ರಾಣಿ ವಿಷ ಸಹಾಯವಾಣಿ: 888-426-4435. ದಿನದ 24 ಗಂಟೆಯೂ ಸಿಗುತ್ತಾರೆ, ಶುಲ್ಕ ಕೇಳಬಹುದು.

ಹೊರಡುವ ಮುನ್ನ ಆಸ್ಪತ್ರೆಗೆ ಫೋನ್ ಮಾಡಿ. ನಾಯಿಯ ತೂಕ, ಏನು ತಿಂದಿತು, ಎಷ್ಟು, ಎಷ್ಟು ಹೊತ್ತಾಯಿತು ಎಂದು ಕೇಳುತ್ತಾರೆ. ಪ್ಯಾಕೆಟ್ಟನ್ನು ಎಸೆಯಬೇಡಿ. ನಾವು ಕಸದ ಬುಟ್ಟಿಯಿಂದ ಹೆಕ್ಕಿ ಒಯ್ದ ಆ ಹರಕು ಪ್ಯಾಕೆಟ್ಟಿನಿಂದಲೇ ಡಾಕ್ಟರು ಲೆಕ್ಕ ಹಾಕಿದ್ದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಉಪ್ಪೇ ವಿಷವಾದೀತು. ಗಾಯವಾಗಿದ್ದರೆ ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಳ್ಳಿ. ಎಷ್ಟೇ ಸಾಧುವಾದರೂ ನೋವಿನಲ್ಲಿ ಕಚ್ಚುವುದುಂಟು.

ಇನ್ನು ದುಡ್ಡು. ಎಷ್ಟೋ ಕಡೆ ಅಂದಾಜು ಬಿಲ್ ತೋರಿಸಿ, ಮುಂಗಡ ಕೇಳುತ್ತಾರೆ. ವಿಮೆ ಇದ್ದರೂ ಸಾಮಾನ್ಯವಾಗಿ ಮೊದಲು ನಾವೇ ಕಟ್ಟಿ, ಆಮೇಲೆ ವಾಪಸ್ ಪಡೆಯಬೇಕು. ಎಲ್ಲಿಯವರೆಗೆ ಖರ್ಚು ಮಾಡಬಲ್ಲೆವೆಂದು ನಾವಿಬ್ಬರೂ ಚರ್ಚಿಸಿದ್ದು ಆ ಕೌಂಟರಿನ ಮುಂದೆ ನಿಂತು, ಮಗಳ ಎದುರಿಗೇ. ಆ ಮಾತನ್ನು ಮನೆಯಲ್ಲಿ ಮೊದಲೇ ಆಡಿಕೊಳ್ಳಿ.

ಎರಡು ದಿನ ಡ್ರಿಪ್ ಹಾಕಿಸಿಕೊಂಡು ನಾಯಿ ಮನೆಗೆ ಬಂತು. ಒಣದ್ರಾಕ್ಷಿ ಈಗ ಮೇಲಿನ ಅಟ್ಟದಲ್ಲಿದೆ.