ಗ್ಲೋ ಇಂಜಿನ್ನಾ, ಪೆಟ್ರೋಲ್ ಇಂಜಿನ್ನಾ?

ಪುಣೆಯಲ್ಲಿ ವೀಕೆಂಡ್ ಆದ್ರೆ ಆರ್‌ಸಿ ವಿಮಾನ ಹಾರಿಸೋ ನಮ್ಮ ಗೆಳೆಯರು ಪದೇ ಪದೇ ಕೇಳೋ ಪ್ರಶ್ನೆ ಇದು. (ಎಲೆಕ್ಟ್ರಿಕ್ ತಗೊಳ್ಳಿ ಅನ್ನೋರಿಗೆ: ನಮಗೆ ಆ ಸದ್ದೇ ಬೇಕಲ್ಲ!) ನಾನು ಇಂಜಿನ್ ಬೆಲೆ ಮಾತ್ರ ನೋಡಿ ಗ್ಲೋ ತಗೊಂಡೆ. ಲೆಕ್ಕ ತಪ್ಪಿದ್ದು ಇಂಧನದಲ್ಲಿ.

ಗ್ಲೋಗೆ ಬೇಕಾದದ್ದು ಮೆಥನಾಲ್, ಎಣ್ಣೆ, ಸ್ವಲ್ಪ ನೈಟ್ರೋಮೀಥೇನ್. ಸ್ಟಾರ್ಟ್ ಮಾಡುವಾಗ ಪ್ಲಗ್‌ಗೆ ಸುಮಾರು 1.5 ವೋಲ್ಟ್ ಕೊಟ್ಟರೆ ಸಾಕು. ಆಮೇಲೆ ಬ್ಯಾಟರಿ ತೆಗೆದರೂ ಮೆಥನಾಲ್ ತಗುಲಿ ಪ್ಲಾಟಿನಂ ತಂತಿ ಕೆಂಪಗೇ ಇರುತ್ತೆ. ಹಗುರ, ಸರಳ. ಆದರೆ ಮೆಥನಾಲ್‌ನಲ್ಲಿ ಪೆಟ್ರೋಲಿನ ಅರ್ಧದಷ್ಟೇ ಶಕ್ತಿ. ಟ್ಯಾಂಕ್ ಬೇಗ ಖಾಲಿ, ರೆಕ್ಕೆಯೆಲ್ಲ ಎಣ್ಣೆ.

ಪೆಟ್ರೋಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಬಾಕ್ಸ್, ಅದಕ್ಕೊಂದು ಬ್ಯಾಟರಿ. ನಡುಕವೂ ಜಾಸ್ತಿ. ಚಿಕ್ಕ ವಿಮಾನಕ್ಕೆ ಅದೇ ಹೊರೆ. ನನ್ನ ಪ್ರಕಾರ 20 ಸಿಸಿ ದಾಟಿದ ಮೇಲೇ ಲಾಭ. ಬಂಕ್ ಪೆಟ್ರೋಲಿಗೆ ಮ್ಯಾನುಯಲ್ ಹೇಳಿದಷ್ಟು ಟೂ-ಸ್ಟ್ರೋಕ್ ಆಯಿಲ್ ಬೆರೆಸಿದ್ರೆ ಆಯ್ತು.

ಆಮೇಲೆ ದೊಡ್ಡ ವಿಮಾನಕ್ಕೆ ಪೆಟ್ರೋಲ್ ಇಂಜಿನ್ ಕೂರಿಸಿದಾಗ ಗ್ಲೋದ ಸಿಲಿಕೋನ್ ಪೈಪನ್ನೇ ಹಾಕಿದ್ದೆ. ಪೆಟ್ರೋಲಿಗೆ ಅದು ಉಬ್ಬಿ, ಮೆತ್ತಗಾಗಿ, ಟ್ಯಾಂಕ್ ಹತ್ತಿರ ಕಳಚಿತು. ಒಳಗೆಲ್ಲ ಪೆಟ್ರೋಲ್, ಪಕ್ಕದಲ್ಲೇ ಬ್ಯಾಟರಿ! ಪುಣ್ಯಕ್ಕೆ ವಿಮಾನ ಇನ್ನೂ ನೆಲದ ಮೇಲಿತ್ತು. ಪೈಪ್, ಟ್ಯಾಂಕಿನ ರಬ್ಬರ್ ಬಿರಡೆ ಎರಡೂ ಪೆಟ್ರೋಲಿಗೆ ಅಂತಲೇ ಮಾಡಿದ್ದಾಗಿರಬೇಕು.

ಹಾಗಂತ ಗ್ಲೋ ಸೇಫ್ ಅಂದ್ಕೋಬೇಡಿ. ಮೆಥನಾಲ್ ವಿಷ, ಅದರ ಉರಿ ಬಿಸಿಲಲ್ಲಿ ಕಣ್ಣಿಗೆ ಕಾಣೋದೇ ಕಷ್ಟ. ಫ್ಲ್ಯಾಟಲ್ಲಿ ಮಕ್ಕಳಿದ್ರೆ ಹೆಸರು ಬರೆದ ಕ್ಯಾನ್‌ನಲ್ಲೇ, ಬೀಗ ಹಾಕಿಡಿ. ನೀರಿನ ಬಾಟಲಿಯಲ್ಲಂತೂ ಬೇಡವೇ ಬೇಡ.