ಉಪವಾಸದ ಹಿಂದೆ ಅಡಗಿದ ಬುಲಿಮಿಯಾ

ಸೇಡಂ, ಚಿತ್ತಾಪುರ, ಚಿಂಚೋಳಿ… ಯಾವ ಮನೆಯಲ್ಲೇ ಆಗಲಿ, ‘ಇವತ್ತು ನಂದು ಉಪವಾಸ’ ಅಂದರೆ ಯಾರೂ ಮರುಮಾತು ಕೇಳೋದಿಲ್ಲ. ಬುಲಿಮಿಯಾ ಅನ್ನೋ ತಿನ್ನುವ ಕಾಯಿಲೆ ಅಡಗೋದು ಅಲ್ಲೇ.

ದಿನವಿಡೀ ರೊಟ್ಟಿ ಮುಟ್ಟಲ್ಲ. ಎಲ್ಲರೂ ಮಲಗಿದ ಮೇಲೆ ಚೂಡಾ, ಶೇಂಗಾ ಹೋಳಿಗೆ, ತಂಗಳನ್ನ, ಕೈಗೆ ಸಿಕ್ಕಿದ್ದೆಲ್ಲ ಖಾಲಿ. ಆಮೇಲೆ ಬಚ್ಚಲಲ್ಲಿ ವಾಂತಿ. ಬೆಳಗಾದರೆ ನಾಚಿಕೆ, ಮತ್ತೆ ಉಪವಾಸ.

ಈ ಕಾಯಿಲೆಯನ್ನು 1979ರಲ್ಲಿ ವಿವರಿಸಿದವರು ಲಂಡನ್ನಿನ ವೈದ್ಯ ಜೆರಾಲ್ಡ್ ರಸೆಲ್. ಎರಡೇ ವರ್ಷದಲ್ಲಿ ಕ್ರಿಸ್ಟೋಫರ್ ಫೇರ್‌ಬರ್ನ್ ಅದಕ್ಕೊಂದು ಅರಿವಿನ ಚಿಕಿತ್ಸೆ ಮುಂದಿಟ್ಟರು. ಅವರು ಕೈ ಹಾಕಿದ್ದು ಬಾಯಿಚಪಲಕ್ಕಲ್ಲ, ಉಪವಾಸಕ್ಕೆ.

ಚಿಕಿತ್ಸೆ ಶುರುವಾಗೋದು ಒಂದು ನೋಟ್‌ಬುಕ್ಕಿನಿಂದ. ತಿಂದ ಕೂಡಲೇ ಬರೀಬೇಕು. ‘ಮಧ್ಯಾಹ್ನ 3, ಬರೀ ಚಹಾ. ಅತ್ತಿಗೆ ದಪ್ಪಗಾಗೀದಿ ಅಂದರು. ರಾತ್ರಿ 11, ಡಬ್ಬಿ ಖಾಲಿ.’ ಒಂದು ವಾರ ಹೀಗೆ ಬರೆದರೆ, ರಾತ್ರಿಯ ಹಸಿವು ಎಲ್ಲಿಂದ ಬಂತು ಅಂತ ಹಾಳೆಯೇ ಹೇಳುತ್ತೆ.

ಆಮೇಲೆ ಹೊತ್ತು ಹೊತ್ತಿಗೆ ಊಟ: ಮೂರು ಊಟ, ನಡುವೆ ತಿಂಡಿ, ನಾಲ್ಕು ತಾಸಿಗಿಂತ ಹೆಚ್ಚು ಬಿಡುವಿಲ್ಲ. ‘ದಪ್ಪ ಆಗಿಬಿಡ್ತೀನಿ’ ಅನ್ನೋ ಭಯಕ್ಕೆ ಚಿಕಿತ್ಸಕರು ವಾದ ಮಾಡಲ್ಲ; ವಾರಕ್ಕೊಮ್ಮೆ ತೂಕದ ಯಂತ್ರ ಹತ್ತಿಸ್ತಾರೆ. ಬಿಟ್ಟಿದ್ದ ಹೋಳಿಗೆಯನ್ನೂ ಹಗಲಲ್ಲೇ ತಿನ್ನಿಸಿ ನೋಡ್ತಾರೆ. ಹೆದರಿದ್ದು ಆಯಿತೋ ಇಲ್ಲವೋ, ಇಬ್ಬರೂ ಕೂಡಿ ನೋಡ್ತಾರೆ.

ಸಾಮಾನ್ಯವಾಗಿ 20 ಭೇಟಿ, ಸುಮಾರು ಐದು ತಿಂಗಳು. ಎಲ್ಲರಿಗೂ ಪೂರ್ತಿ ಗುಣ ಆಗುತ್ತೆ ಅಂತಲ್ಲ. ಪದೇಪದೇ ವಾಂತಿಯಿಂದ ಪೊಟ್ಯಾಸಿಯಂ ಕುಸಿದರೆ ಹೃದಯದ ಬಡಿತವೇ ತಪ್ಪಬಹುದು, ಹಾಗಾಗಿ ರಕ್ತಪರೀಕ್ಷೆಯೂ ಬೇಕು.

ಶಹಾಬಾದ್, ವಾಡಿಯಲ್ಲಿ ಇಂಥ ಚಿಕಿತ್ಸಕರು ಬೀದಿಗೊಬ್ಬರು ಸಿಗೋಲ್ಲ, ನಿಜ. ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ: 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.