ಬದುವಿನ ತುಂಬೆಯ ಮುಂದೆ ಒಂದು ಗಳಿಗೆ

ಜಗಳೂರು ಸೀಮೆ ಮಳೆಯನ್ನು ಎಣಿಸಿಕೊಂಡು ಬದುಕುವ ಸೀಮೆ. ಮುಂಗಾರಿನ ಹದ ಮಳೆಯೊಂದು ಬಿದ್ದರೆ ಸಾಕು, ಬಿಳಿಚೋಡು ಹೋಬಳಿಯ ಹೊಲದ ಬದುಗಳು ಹಸುರಾಗುತ್ತವೆ. ಬಿತ್ತಿದ ಮೆಕ್ಕೆಜೋಳ, ಶೇಂಗಾ ಇನ್ನೂ ಎಳೆಯ ಪೈರಾಗಿರುವಾಗಲೇ ಯಾರೂ ಬಿತ್ತದ ತುಂಬೆ, ನೆಲನೆಲ್ಲಿ, ಉತ್ತರಾಣಿ, ಗರಿಕೆ, ನೆಗ್ಗಿಲುಗಳು ತಾವಾಗಿ ತಲೆಯೆತ್ತುತ್ತವೆ. ಹೊಲಕ್ಕೆ ಹೋದಾಗ ನಾವು ಇವನ್ನೆಲ್ಲ ಕಳೆ ಎಂದು ಕರೆಯುತ್ತೇವೆ. ಬೆಳಗಿನ ಪೂಜೆಗೆ ಕುಳಿತಾಗ ಅದೇ ತುಂಬೆಯ ಬಿಳಿಯ ಹೂವನ್ನು ಭಕ್ತಿಯಿಂದ ಲಿಂಗಕ್ಕೆ ಏರಿಸುತ್ತೇವೆ. ಒಂದೇ ಗಿಡ ಹೊಲದಲ್ಲಿ ಕಳೆಯಾಗಿ, ಕರಸ್ಥಲದಲ್ಲಿ ಪುಷ್ಪವಾಗಿ ನಮಗೆ ಕಾಣುವುದಾದರೆ, ಆ ಗಿಡವನ್ನು ನಾವು ನಿಜವಾಗಿ ನೋಡಿದ್ದೇವೆಯೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಶ್ರಾವಣದ ಒಂದು ಬೆಳಿಗ್ಗೆ ನಾವು ಹನ್ನೆರಡು ಮಂದಿ ಬಿಳಿಚೋಡಿನ ಹೊಲವೊಂದರ ಅಂಚಿನಲ್ಲಿ, ಹೊಂಗೆಯ ನೆರಳಿನಲ್ಲಿ ಕಂಬಳಿ ಹಾಸಿ ಕುಳಿತೆವು. ಎಲ್ಲರ ಇಷ್ಟಲಿಂಗಪೂಜೆಯೂ ಮನೆಯಲ್ಲಿಯೇ ಮುಗಿದಿತ್ತು. ಇಲ್ಲಿ ಕುಳಿತದ್ದು ಅದಕ್ಕೆ ಬದಲಾಗಿ ಅಲ್ಲ. ಎಡ ಅಂಗೈಯಲ್ಲಿ ಲಿಂಗವನ್ನಿರಿಸಿ ದೃಷ್ಟಿಯನ್ನು ಅಲ್ಲಿಯೇ ನಿಲ್ಲಿಸುವ ಅಭ್ಯಾಸ ನಮಗೆ ಬಾಲ್ಯದಿಂದ ಬಂದಿದೆ. ಹಾಗೆ ಪಳಗಿದ ಕಣ್ಣನ್ನು ನಮ್ಮ ಕಾಲಡಿಯ ಸೃಷ್ಟಿಯ ಕಡೆಗೂ ಒಂದು ಗಳಿಗೆ ತಿರುಗಿಸೋಣ ಎಂಬುದಷ್ಟೇ ನಮ್ಮ ಉದ್ದೇಶವಾಗಿತ್ತು.

ಬದುವಿನಿಂದ ತುಂಬೆಯ ಒಂದೊಂದು ರೆಂಬೆಯನ್ನು ತಂದು ಎಲ್ಲರ ಮುಂದೆಯೂ ಇಟ್ಟುಕೊಂಡೆವು. ಮೊದಲು ಐದು ನಿಮಿಷ ಕಣ್ಣು ಮುಚ್ಚಿ ಉಸಿರಾಟವನ್ನು ಗಮನಿಸಿದೆವು. ಅನಂತರ ಹತ್ತು ನಿಮಿಷ ಮಾತಿಲ್ಲದೆ ಗಿಡವನ್ನು ನೋಡಿದೆವು, ಬೆರಳಿನಿಂದ ಸವರಿದೆವು, ಎಲೆಯನ್ನು ತುಸು ಹಿಸುಕಿ ವಾಸನೆ ತೆಗೆದುಕೊಂಡೆವು. ಬಾಯಿಗೆ ಮಾತ್ರ ಯಾರೂ ಹಾಕಿಕೊಳ್ಳಲಿಲ್ಲ. ಮತ್ತೆ ಐದು ನಿಮಿಷ ಕಣ್ಣು ಮುಚ್ಚಿ, ಮನಸ್ಸಿನಲ್ಲಿ ಉಳಿದುದನ್ನು ನೋಡಿಕೊಂಡೆವು. ಆಮೇಲೆ ಮೂಡಿದ ಭಾವವನ್ನು ಚಿತ್ರವಾಗಿ ಬಿಡಿಸತೊಡಗಿದೆವು. ಕೆಮ್ಮಣ್ಣು, ಇದ್ದಿಲು, ಅರಿಶಿನ, ರಂಗೋಲಿ ಪುಡಿ, ಶಾಲೆಯ ಮಕ್ಕಳ ಬಳಪ, ಹಳೆಯ ಕಾಗದ ಇವಿಷ್ಟೇ ನಮ್ಮ ಸಾಮಗ್ರಿ. ಚೆನ್ನಾಗಿ ಬಿಡಿಸಬೇಕೆಂಬ ಕಟ್ಟುಪಾಡು ಇರಲಿಲ್ಲ.

ಪ್ರೌಢಶಾಲೆಯಲ್ಲಿ ಓದುವ ಹುಡುಗನೊಬ್ಬ ಬಿಡಿಸುತ್ತ ಬಿಡಿಸುತ್ತ ಬೆರಗಾದ. ತುಂಬೆಯ ಕಾಂಡ ದುಂಡಗಿಲ್ಲ, ಚೌಕಾಕಾರವಾಗಿದೆ ಎಂಬುದು ಅವನಿಗೆ ಅಂದೇ ತಿಳಿಯಿತು. ಎಲೆಗಳು ಎದುರುಬದುರಾಗಿ ಜೋಡಿಯಾಗಿರುವುದನ್ನೂ, ಹೂಗಳು ಗೆಣ್ಣಿನ ಸುತ್ತ ಬಳೆಯಂತೆ ಕೂಡಿರುವುದನ್ನೂ ಅವನ ಚಿತ್ರ ತಪ್ಪದೆ ತೋರಿಸಿತು. ತುಳಸಿ, ಪುದೀನ, ತುಂಬೆ ಎಲ್ಲವೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು, ಅವುಗಳ ಚೌಕ ಕಾಂಡವೇ ಆ ನಂಟಿನ ಒಂದು ಗುರುತು ಎಂದು ನಾವು ಹೇಳಿದಾಗ ಅವನು ಮನೆಯ ತುಳಸಿಕಟ್ಟೆಯನ್ನು ನೋಡಲು ಆತುರಪಟ್ಟ.

ಪೆನ್ಸಿಲ್ ಹಿಡಿದು ರೂಢಿಯಿಲ್ಲದ ಹಿರಿಯ ತಾಯಿಯೊಬ್ಬರು ನೆಲವನ್ನು ಸವರಿ ರಂಗೋಲಿಯ ಚುಕ್ಕಿಗಳನ್ನಿಟ್ಟರು. ಅವರ ಚುಕ್ಕಿಗಳು ತುಂಬೆಯ ಹೂಬಳೆಗಳಾದವು, ನಡುವೆ ಒಂದು ಒಲೆ ಮೂಡಿತು. “ನನಗೆ ನೆಗಡಿ ಬಂದಾಗ ನಮ್ಮವ್ವ ಇದರ ಸೊಪ್ಪು ಹಾಕಿ ನೀರು ಕಾಯಿಸಿ ಹಬೆ ಕೊಡ್ತಿದ್ಲು. ಆ ಒಲೆ ನೆನಪಾತು ನೋಡ್ರಿ” ಎಂದರು.

ನಡುವಯಸ್ಸಿನ ರೈತರೊಬ್ಬರು ಗಿಡವನ್ನೇ ಬಿಡಿಸಿರಲಿಲ್ಲ. ಇದ್ದಿಲಿನಲ್ಲಿ ಒಂದು ಉದ್ದನೆಯ ಗೆರೆ, ಅದರ ತುದಿಯಲ್ಲಿ ರಂಗೋಲಿ ಪುಡಿಯ ಒಂದು ಬಿಳಿ ಚುಕ್ಕೆ, ಅಷ್ಟೇ. ಏನೆಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, “ಇದು ನಮ್ಮ ಬದು. ಇದನ್ನ ನಾನು ಔಷಧ ಹೊಡೆಯೋಕೆ ಮಾತ್ರ ನೋಡಿದ್ದೆ” ಎಂದರು. ಆಮೇಲೆ ಕೈಕೊಟ್ಟ ಈರುಳ್ಳಿಯ ಮಾತು ಬಂತು, ಸಾಲದ ಮಾತು ಬಂತು, ತಿಂಗಳುಗಳಿಂದ ರಾತ್ರಿ ನಿದ್ದೆಯಿಲ್ಲವೆಂಬ ಮಾತು ಬಂತು. ಅಷ್ಟು ದಿನ ಮನೆಯವರಿಗೂ ಹೇಳದ ಮಾತನ್ನು ಅವರು ಒಂದು ಗೆರೆ, ಒಂದು ಚುಕ್ಕೆಯ ನೆವದಲ್ಲಿ ನಮ್ಮ ಮುಂದೆ ಹೇಳಿದರು. ಮರುವಾರ ನೆರೆಯವರೊಬ್ಬರು ಜೊತೆಯಾಗಿ ಹೋಗಿ ಅವರನ್ನು ವೈದ್ಯರಿಗೆ ತೋರಿಸಿದರು.

ತುಂಬೆ ಅವರ ಕಾಯಿಲೆಯನ್ನು ಕಳೆಯಿತೆಂದು ನಾವು ಹೇಳಲಾರೆವು. ಕೂಡಿ ಕುಳಿತ ಆ ಗಳಿಗೆ ಅವರ ಒಳಗಿನ ಮಾತಿಗೆ ದಾರಿಮಾಡಿತು, ಕೇಳುವ ಕಿವಿಗಳನ್ನು ಹತ್ತಿರ ತಂದಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಾನಾ ಕಾಯಕದ ಶರಣರು ಒಟ್ಟಿಗೆ ಕುಳಿತು, ತಮ್ಮ ತಮ್ಮ ಅನುಭವವನ್ನು ತಮ್ಮ ಕಾಯಕದ ನುಡಿಯಲ್ಲಿಯೇ ಹೇಳಿಕೊಂಡರು. ವೈದ್ಯ ಸಂಗಣ್ಣನವರು ರೋಗ, ಔಷಧ, ಪಥ್ಯಗಳ ಭಾಷೆಯಲ್ಲಿ ಅಧ್ಯಾತ್ಮವನ್ನು ನುಡಿದರು. ತನಗೆ ತಿಳಿದ ವಸ್ತುವಿನ ಮೂಲಕ ತನ್ನ ಒಳಗನ್ನು ಹೇಳುವುದು, ಅದನ್ನು ಉಳಿದವರು ತೀರ್ಪು ಕೊಡದೆ ಕೇಳುವುದು ನಮ್ಮ ಪರಂಪರೆಗೆ ಹೊಸತಲ್ಲ.

ಹೊರಜಗತ್ತು ಕೂಡ ಈ ಸತ್ಯವನ್ನು ತನ್ನದೇ ಹಾದಿಯಲ್ಲಿ ಕಂಡುಕೊಂಡಿದೆ. ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್ ಕ್ಷಯರೋಗದಿಂದ ಆರೋಗ್ಯಧಾಮದಲ್ಲಿ ಮಲಗಿದ್ದಾಗ ಚಿತ್ರ ಬಿಡಿಸುತ್ತ ಮನಸ್ಸಿನ ಕುಗ್ಗನ್ನು ಗೆದ್ದರು. ಬಳಿಕ ಉಳಿದ ರೋಗಿಗಳಿಗೂ ಅದನ್ನು ಕಲಿಸಿದರು. ‘ಕಲಾಚಿಕಿತ್ಸೆ’ ಎಂಬ ಹೆಸರು 1942ರಲ್ಲಿ ಅವರಿಂದ ಬಂದಿತು. ಕಾಡಿನ ನಡುವೆ ಇಂದ್ರಿಯಗಳನ್ನು ತೆರೆದು ನಿಧಾನವಾಗಿ ಅಡ್ಡಾಡುವುದಕ್ಕೆ ಜಪಾನಿನ ಅರಣ್ಯ ಇಲಾಖೆ 1982ರಲ್ಲಿ ‘ಶಿನ್ರಿನ್ ಯೋಕು’, ಅಂದರೆ ‘ವನಸ್ನಾನ’ ಎಂದು ಹೆಸರಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಅವಲೋಕಿಸಿ, ದೇಹ ಮತ್ತು ಮನಸ್ಸು ಎರಡರ ಸ್ವಾಸ್ಥ್ಯಕ್ಕೂ ಕಲೆ ನೆರವಾಗಬಲ್ಲದೆಂದು ವರದಿ ಮಾಡಿತು. ನೆರವಾಗಬಲ್ಲದು ಎಂಬ ಮಾತನ್ನು ನಾವು ಗಮನಿಸಬೇಕು. ಚಿಕಿತ್ಸೆಯ ಸ್ಥಾನವನ್ನು ಕಲೆ ಪಡೆದುಕೊಳ್ಳುತ್ತದೆ ಎಂಬುದು ಅದರ ಅರ್ಥವಲ್ಲ.

ಇಲ್ಲಿಯೇ ನಾವು ಸದ್ಭಕ್ತರಲ್ಲಿ ಒಂದು ವಿಷಯವನ್ನು ಬಿಚ್ಚಿ ಹೇಳಬೇಕಾಗಿದೆ. ಗಿಡದ ಮುಂದೆ ಕುಳಿತಾಗ ಅದು ನಮ್ಮೊಡನೆ ಮಾತಾಡಿತು, ತನ್ನ ಗುಣವನ್ನು ತಾನೇ ತಿಳಿಸಿತು ಎಂದು ಕೆಲವರಿಗೆ ಅನ್ನಿಸುವುದುಂಟು. ಅಂದು ಒಂದೇ ತುಂಬೆ ಒಬ್ಬರಿಗೆ ತಾಯಿಯ ಒಲೆಯಾಯಿತು, ಇನ್ನೊಬ್ಬರಿಗೆ ಸಾಲದ ಬದುವಾಯಿತು. ಇದರಿಂದಲೇ ತಿಳಿಯುತ್ತದೆ: ಮೂಡಿದ ಭಾವ ನಮ್ಮದು, ಗುಣ ಗಿಡದ್ದು. ಭಾವವನ್ನು ಅರಿಯಲು ಧ್ಯಾನ ಸಾಕು. ಗುಣವನ್ನು ಅರಿಯಲು ತಲೆಮಾರುಗಳ ಅನುಭವ, ವೈದ್ಯರ ವಿವೇಚನೆ, ವಿಜ್ಞಾನದ ಪರೀಕ್ಷೆಗಳು ಬೇಕು.

ನೆಲನೆಲ್ಲಿಯ ಉದಾಹರಣೆಯನ್ನೇ ನೋಡೋಣ. ಕಾಮಾಲೆಗೆ ಇದನ್ನು ಕೊಡುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಬಹಳ ಹಿಂದಿನದು. 1988ರಲ್ಲಿ ಮದರಾಸಿನ ಸಂಶೋಧಕರು ಹೆಪಟೈಟಿಸ್-ಬಿ ಸೋಂಕಿನ ಮೇಲೆ ಇದು ಒಳ್ಳೆಯ ಪರಿಣಾಮ ಬೀರಿತೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತೇ ಇತ್ತ ತಿರುಗಿ ನೋಡಿತು. ಮುಂದೆ ಬೇರೆಡೆಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಅದೇ ಫಲ ದೊರೆಯಲಿಲ್ಲ. ಆದ್ದರಿಂದ ಕಣ್ಣು ಹಳದಿಯಾದವರು ನೆಲನೆಲ್ಲಿಯ ರಸವನ್ನು ನಂಬಿ ದಿನ ಕಳೆಯಬಾರದು, ಕೂಡಲೇ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಮಾತ್ರೆ ಸೇವಿಸುವವರು ಗಿಡಮೂಲಿಕೆಯ ಭರವಸೆಯಲ್ಲಿ ಅದನ್ನು ನಿಲ್ಲಿಸಬಾರದು.

ಅಮೃತ ಬೆಳೆಯುವ ನೆಲದಲ್ಲಿಯೇ ವಿಷವೂ ಬೆಳೆಯುತ್ತದೆ. ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷವೈದ್ಯಕ್ಕಾಗಿಯೇ ‘ಖಗೇಂದ್ರಮಣಿದರ್ಪಣ’ ಎಂಬ ಕನ್ನಡ ಗ್ರಂಥವನ್ನು ರಚಿಸಿದ್ದಾನೆ. ಶಿವನಿಗೆ ಪ್ರಿಯವೆಂದು ಏರಿಸುವ ದತ್ತೂರಿಯ ಬೀಜ ಹೊಟ್ಟೆಗೆ ಹೋದರೆ ಬುದ್ಧಿಭ್ರಮೆಯಿಂದ ಪ್ರಾಣಾಪಾಯದವರೆಗೂ ಒಯ್ಯಬಲ್ಲದು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೆ ಕುತ್ತು. ಗುಲಗಂಜಿಯ ಬೀಜವನ್ನು ಜಗಿದು ನುಂಗಿದರೆ ಮರಣವೂ ಸಂಭವಿಸಬಹುದು. ಕಾಂಗ್ರೆಸ್ ಗಿಡವನ್ನು ಮುಟ್ಟಿದ ಮಾತ್ರಕ್ಕೆ ಹಲವರಿಗೆ ಚರ್ಮದ ತುರಿಕೆ ಏಳುತ್ತದೆ. ಆದಕಾರಣ ಇಂತಹ ಕೂಟಗಳಲ್ಲಿ ಬಲ್ಲವರು ಗುರುತಿಸಿದ, ನಿರಪಾಯವಾದ ಒಂದೇ ಗಿಡವನ್ನು ಆರಿಸಿಕೊಳ್ಳಬೇಕು. ನೋಡುವುದು, ಮುಟ್ಟುವುದು, ಮೂಸುವುದು ಇವಿಷ್ಟಕ್ಕೇ ನಿಲ್ಲಬೇಕು. ಔಷಧ ಸಿಂಪಡಿಸಿದ ಹೊಲದ ಗಿಡವನ್ನು ತರಲೇಬಾರದು.

ನಮ್ಮ ಊರುಗಳಲ್ಲಿ ಇದನ್ನು ಮಾಡಬಯಸುವವರು ತಿಂಗಳಿಗೊಮ್ಮೆ ಕೂಡಿದರೆ ಸಾಕು. ಎಂಟರಿಂದ ಹದಿನೈದು ಜನ ಇರಲಿ. ಅವರಲ್ಲಿ ಗಿಡಗಳನ್ನು ಬಲ್ಲ ಒಬ್ಬ ಹಿರಿಯರೂ ಇಬ್ಬರು ಮೂವರು ಮಕ್ಕಳೂ ಅವಶ್ಯ ಇರಲಿ. ಚಿತ್ರ ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಚಿತ್ರದ ಬಗ್ಗೆ ಎರಡು ಮಾತು ಹೇಳಲಿ. ಹೇಳಲು ಮನಸ್ಸಿಲ್ಲದವರನ್ನು ಒತ್ತಾಯಿಸುವುದು ಬೇಡ. ಅಲ್ಲಿ ಆಡಿದ ಮಾತು ಅಲ್ಲಿಯೇ ಉಳಿಯಲಿ. (ಮೇಲೆ ಹೇಳಿದ ಪ್ರಸಂಗವನ್ನು ಆ ರೈತಬಂಧುವಿನ ಒಪ್ಪಿಗೆ ಪಡೆದೇ ಬರೆದಿದ್ದೇವೆ.) ಕೊನೆಗೆ ಹಿರಿಯರು ಆ ಗಿಡದ ಹೆಸರನ್ನೂ ಬಳಕೆಯನ್ನೂ ತಿಳಿಸಲಿ, ಮಕ್ಕಳು ಚಿತ್ರದ ಕೆಳಗೆ ಬರೆದುಕೊಳ್ಳಲಿ. ವರ್ಷ ಕಳೆಯುವಷ್ಟರಲ್ಲಿ ಊರಿನದೇ ಒಂದು ಗಿಡಗಳ ಚಿತ್ರಪುಸ್ತಕ ಸಿದ್ಧವಾಗುತ್ತದೆ. ಯಾರಾದರೂ ಬದುಕೇ ಬೇಡವೆಂಬ ಮಾತನ್ನಾಡಿದರೆ ಅವರನ್ನು ಒಬ್ಬಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸರ್ಕಾರದ ಉಚಿತ ಸಹಾಯವಾಣಿ ಟೆಲಿ-ಮಾನಸ್ 14416 ಹಗಲೂ ರಾತ್ರಿ ದೊರೆಯುತ್ತದೆ.

ಇನ್ನೊಂದು ಮಾತು. ಕಳೆ ತೆಗೆಯುವ ಕೈಗಳು ಕಡಿಮೆಯಾದಂತೆ ಕಳೆನಾಶಕದ ಬಳಕೆ ಹೆಚ್ಚಿದೆ. ರೈತನ ಕಷ್ಟವನ್ನು ಬಲ್ಲ ನಾವು ಅದನ್ನು ದೂಷಿಸಲಾರೆವು. ಆದರೂ ಸಾಲುಗಳಿಗೆ ಹೊಡೆದ ಔಷಧವನ್ನು ಬದುವಿಗೂ ಹೊಡೆಯದೆ, ಒಂದು ಮಾರು ಬದುವನ್ನಾದರೂ ಹಾಗೆಯೇ ಬಿಡಬಾರದೇ? ಜೇನುನೊಣಕ್ಕೆ ತುಂಬೆಯ ಮಕರಂದ ಉಳಿಯುತ್ತದೆ, ಪೂಜೆಗೆ ಹೂ ಉಳಿಯುತ್ತದೆ, ಮೊಮ್ಮಕ್ಕಳಿಗೆ ತೋರಿಸಲು ಗಿಡ ಉಳಿಯುತ್ತದೆ.

ಅಂದು ಬಿಳಿ ಚುಕ್ಕೆಯಿಟ್ಟ ಆ ರೈತಬಂಧು ಈ ಸಲ ತಮ್ಮ ಹೊಲದ ಮೂಡಣ ಬದುವಿಗೆ ಔಷಧ ಹೊಡೆದಿಲ್ಲ. ಅಲ್ಲಿ ತುಂಬೆ ಮೊಣಕಾಲುದ್ದ ಬೆಳೆದಿದೆ. ಮುಂದಿನ ತಿಂಗಳು ಅಲ್ಲಿಯೇ ಕೂಡೋಣವೆಂದು ಅವರು ನಮ್ಮನ್ನೆಲ್ಲ ಕರೆದಿದ್ದಾರೆ.